ಹಡಗಿನಜ್ಜನ ಕೋಟಿನ ಬಿಳಿ ಪಟ್ಟಿ

ಕುಮಟಾದ ಹಳೆಮನೆಯ ಅಟ್ಟದಿಂದ ಕಪ್ಪು ಟ್ರಂಕನ್ನು ಇಳಿಸಿದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಮುಚ್ಚಳ ತೆಗೆದವನೇ ಒಳಗಿದ್ದುದನ್ನೆಲ್ಲ ಎತ್ತೆತ್ತಿ ಜಗಲಿಯ ಮೇಲೆ ಹರಡಿಬಿಟ್ಟೆ. ಯಾವುದರ ಕೆಳಗೆ ಯಾವುದಿತ್ತು, ಯಾವ ಕಿಸೆಯಲ್ಲಿ ಏನಿತ್ತು, ಯಾವುದನ್ನು ಯಾವ ಕಾಗದದಲ್ಲಿ ಸುತ್ತಿಟ್ಟಿದ್ದರು, ಒಂದನ್ನೂ ಬರೆದುಕೊಳ್ಳಲಿಲ್ಲ. ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಅವನ್ನು ಒಟ್ಟುಮಾಡಿ ಬಚ್ಚಲ ಒಲೆಗೆ ಹಾಕಿದೆ. ಆ ಹಾಳೆಗಳ ಮೇಲೆ ತಾರೀಖಿತ್ತು ಎಂಬ ಯೋಚನೆ ನನಗೆ ಬಂದದ್ದು ಎಷ್ಟೋ ತಿಂಗಳ ಮೇಲೆ.

ಹಡಗಿನಜ್ಜ ಅಂದರೆ ನನ್ನ ತಾಯಿಯ ಸೋದರಮಾವ. ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಕಮಾಂಡರ್ ಆಗಿದ್ದವರು. ನನಗೆ ನೆನಪಿರುವ ಅಜ್ಜ ಮಾತ್ರ ಬನಿಯನ್ ಹಾಕಿಕೊಂಡು, ಅಂಗಳದಲ್ಲಿ ಬಿದ್ದ ಅಡಿಕೆಯನ್ನು ಒಂದೊಂದಾಗಿ ಎಣಿಸಿ ಬುಟ್ಟಿಗೆ ಹಾಕುತ್ತಿದ್ದ ಮುದುಕ. ನನಗೆ ಎಂಟು ತುಂಬುವ ಮೊದಲೇ ತೀರಿಕೊಂಡರು. ಸಮುದ್ರದ ಕತೆ ಹೇಳಿ ಎಂದು ಹಟ ಹಿಡಿದರೆ ನಕ್ಕು ಸುಮ್ಮನಾಗುತ್ತಿದ್ದರು. ಆ ಮೌನದ ಹಿಂದೆ ದೊಡ್ಡದೊಂದು ಯುದ್ಧ ಇರಲೇಬೇಕೆಂದು ನಾನು ಚಿಕ್ಕಂದಿನಿಂದಲೂ ನಂಬಿಕೊಂಡು ಬಂದಿದ್ದೆ.

2019ರಲ್ಲಿ ಅವರ ಜನ್ಮಶತಮಾನೋತ್ಸವ ಮಾಡೋಣ, ಒಂದು ಸ್ಮರಣ ಸಂಚಿಕೆ ತರೋಣ, ಊರ ಶಾಲೆಯ ಸಭಾಂಗಣದಲ್ಲಿ ಅವರ ವಸ್ತುಗಳನ್ನು ಇಡೋಣ ಎಂದು ಕುಟುಂಬದವರು ತೀರ್ಮಾನಿಸಿದಾಗ ಸಂಚಿಕೆಯ ಮುಖ್ಯ ಲೇಖನ ನನ್ನ ಪಾಲಿಗೆ ಬಂತು. ಕಾಗದಪತ್ರ ಏನೂ ಉಳಿದಿರಲಿಲ್ಲ. ಉಳಿದದ್ದು ಇಷ್ಟು: ಕಡುನೀಲಿಯ ಎರಡು ಸಾಲು ಗುಂಡಿಯ ಕೋಟು, ಒಂದು ಟೋಪಿ, ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕು ಪದಕ, ಗಂಡಭೇರುಂಡದ ಲಾಂಛನವಿದ್ದ ಮರದ ಫಲಕ, ಮೇಣಬಟ್ಟೆಯ ರಟ್ಟಿನ ಒಂದು ಕಿಸೆಪುಸ್ತಕ.

ಫಲಕ ಕಂಡದ್ದೇ ನನ್ನ ಕತೆ ಸಿದ್ಧವಾಯಿತು. ಗಂಡಭೇರುಂಡ ಐಎನ್‌ಎಸ್ ಮೈಸೂರು ಹಡಗಿನ ಲಾಂಛನ. ಮೊದಲು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಆಗಿದ್ದ ಆ ಕ್ರೂಸರ್ 1957ರ ಆಗಸ್ಟ್ 29ರಂದು ನಮ್ಮ ನೌಕಾಪಡೆಗೆ ಸೇರಿತು. ಆರು ಇಂಚಿನ ಒಂಬತ್ತು ಫಿರಂಗಿಗಳಿದ್ದ ಹಡಗು. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಹೊತ್ತಿಗೆ, ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು ಐಎನ್‌ಎಸ್ ತ್ರಿಶೂಲ್ ಜೊತೆ ಹೋದದ್ದು ಇದೇ ಮೈಸೂರು. ದಡಕ್ಕಿಳಿದ ನಾವಿಕರಲ್ಲಿ ಏಳು ಮಂದಿ ಸತ್ತರು. ನಮ್ಮದೇ ಕರಾವಳಿಯ ಕಣ್ಣೆದುರಿನ ಯುದ್ಧ, ನಮ್ಮದೇ ನಾಡಿನ ಹೆಸರಿನ ಹಡಗು, ನಮ್ಮದೇ ಅಜ್ಜ! ಇನ್ನೇನು ಬೇಕು? ‘ಅಂಜದೀವಿನ ಎದುರು ಫಿರಂಗಿಯ ಬಳಿ ನಿಂತವರು’ ಎಂದು ಬರೆದೆ. ಬರೆಯುವಾಗ ಕಣ್ಣು ತುಂಬಿ ಬಂದಿತ್ತು.

ಕೋಟು ಮಾತ್ರ ಆ ಕತೆಗೆ ಒಗ್ಗುವ ಸ್ಥಿತಿಯಲ್ಲಿರಲಿಲ್ಲ. ಕರಾವಳಿಯ ಎಷ್ಟೋ ಮಳೆಗಾಲ ಕಂಡ ಬಟ್ಟೆ, ಬೂಷ್ಟು ಹಿಡಿದಿತ್ತು. ಮುಂಗೈಯ ಜರಿಪಟ್ಟಿಗಳು ಕಪ್ಪಾಗಿದ್ದವು. ಹಳೆಯ ಕಾಲದ ಒಳ್ಳೆಯ ಜರಿ ಅಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಲೇಪ ಸವೆದಲ್ಲಿ ಒಳಗಿನ ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ. ಅದು ಕೊಳೆಯಲ್ಲ, ವಯಸ್ಸು. ನನಗೆ ಆಗ ಅದು ಕೊಳೆಯಾಗಿಯೇ ಕಂಡಿತು. ಕೋಟನ್ನು ಡ್ರೈಕ್ಲೀನಿಂಗಿಗೆ ಕೊಟ್ಟೆ. ಅಲ್ಲಿಂದ ಬಂದ ಮೇಲೆ ದರ್ಜಿಯ ಬಳಿ ಒಯ್ದು, ಹಳೆಯ ಪಟ್ಟಿ ಬಿಚ್ಚಿ ಹೊಸದು ಹೊಲಿಯಿರಿ ಎಂದೆ. ಆತ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ: “ಪಟ್ಟಿಗಳ ನಡುವೆ ಬಿಳಿ ಬಟ್ಟೆ ಕೊಟ್ಟಿದಾರಲ್ಲ ಸಾರ್, ಅದನ್ನೂ ಹೊಸದು ಹಾಕಲಾ?”

ಬಿಳಿ ಅನ್ನುವುದಕ್ಕಿಂತ ಹಳದಿಗಟ್ಟಿದ ಬಟ್ಟೆ ಅದು. ಜರಿಪಟ್ಟಿಗಳ ಸಂದಿಯಲ್ಲಿ ಇಣುಕುತ್ತಿದ್ದ ಎರಡು ಕಿರಿದಾದ ಗೆರೆ. ಒಳಗಿನ ಅಸ್ತರು ಕಿತ್ತು ಹೊರಗೆ ಬಂದಿರಬೇಕೆಂದುಕೊಂಡೆ. ನೌಕಾಧಿಕಾರಿಗಳ ಫೋಟೋಗಳನ್ನು ಬೇಕಾದಷ್ಟು ನೋಡಿದ್ದೆ, ಯಾರ ತೋಳಿನಲ್ಲೂ ಹೀಗೆ ಬಿಳಿ ಕಂಡಿರಲಿಲ್ಲ. “ಬೇಡ, ತೆಗೆದುಬಿಡಿ” ಎಂದೆ. ಎಂಟು ಗುಂಡಿಗಳಲ್ಲಿ ಏಳರ ಮೇಲೆ ಅಶೋಕ ಸ್ತಂಭದ ಸಿಂಹ, ಒಂದರ ಮೇಲೆ ಮಾತ್ರ ಕಿರೀಟ. ಆ ಒಂದು ಗುಂಡಿ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನೂ ಕತ್ತರಿಸಿಸಿ ಸಿಂಹದ್ದನ್ನೇ ಹಾಕಿಸಿದೆ. ಪದಕಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಗಾಜಿನ ಚೌಕಟ್ಟಿನೊಳಗೆ ಅಂಟಿಸಿದೆ. ಫಲಕದ ಹಿಂಬದಿ ಒರಟಾಗಿತ್ತೆಂದು ಕೆಂಪು ಮಖಮಲ್ಲು ಮೆತ್ತಿದೆ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಊಟದ ಹೊತ್ತಿಗೆ, ಕಾರವಾರದಿಂದ ಬಂದಿದ್ದ ನಿವೃತ್ತ ನೌಕಾಧಿಕಾರಿಯೊಬ್ಬರು ಸಂಚಿಕೆಯನ್ನು ಮಡಚಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಟ್ರಂಕು ತೆರೆದ ಸಂಜೆ ತಂಗಿಗೆ ತೋರಿಸಲೆಂದು ಮೊಬೈಲಿನಲ್ಲಿ ತೆಗೆದಿದ್ದ ಒಂದೇ ಒಂದು ಫೋಟೋವನ್ನು ಸಂಚಿಕೆಯಲ್ಲಿ ಹಾಕಿದ್ದೆವು. ಅದರಲ್ಲಿ ಕೋಟಿನ ತೋಳಿನ ಮೇಲೆ ಬೆರಳಿಟ್ಟು, “ಇಲ್ಲಿರುವ ಬಿಳಿ ಅಲ್ಲಿ ಯಾಕಿಲ್ಲ?” ಎಂದು ಪ್ರದರ್ಶನದ ಕಡೆ ಕೈ ತೋರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅಸ್ತರಿನ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ನಿಧಾನವಾಗಿ ವಿವರಿಸಿದರು.

ಬ್ರಿಟಿಷ್ ನೌಕಾಪಡೆ 1863ರಿಂದಲೇ ಅಧಿಕಾರಿಗಳ ಜರಿಪಟ್ಟಿಗಳ ನಡುವೆ ಬಣ್ಣದ ಬಟ್ಟೆ ಕೊಟ್ಟು ವಿಭಾಗವನ್ನು ಗುರುತಿಸುತ್ತಿತ್ತು. ವೈದ್ಯರಿಗೆ ಕೆಂಪು, ಎಂಜಿನಿಯರುಗಳಿಗೆ ನೇರಳೆ, ಸಂಬಳ-ಸಾಮಗ್ರಿ-ಲೆಕ್ಕಪತ್ರ ನೋಡುವವರಿಗೆ ಬಿಳಿ. ಹಡಗು ನಡೆಸುವ, ಫಿರಂಗಿ ಹಾರಿಸುವ ಅಧಿಕಾರಿಗೆ ಯಾವ ಬಣ್ಣವೂ ಇಲ್ಲ, ನಡುವೆ ಬರಿಯ ನೀಲಿ. ಅದೇ ಪದ್ಧತಿ ರಾಯಲ್ ಇಂಡಿಯನ್ ನೇವಿಗೂ ಬಂತು. ದರ್ಜಿ ಕಂಡಿದ್ದನ್ನು ನಾನು ಕಾಣಲಿಲ್ಲ. ಬಿಳಿ ಕಿತ್ತು ಹಾಕಿದ ಗಳಿಗೆಯಲ್ಲಿ ನಾನು ಒಬ್ಬ ಸರಬರಾಜು ಅಧಿಕಾರಿಯ ಕೋಟನ್ನು ಫಿರಂಗಿಯವನ ಕೋಟಾಗಿ ಮಾಡಿದ್ದೆ. ಬರಹದಲ್ಲಿ ಹೇಳಿದ ಸುಳ್ಳಿಗೆ ಬಟ್ಟೆಯಲ್ಲೂ ಸಾಕ್ಷಿ ಹೊಲಿಸಿದ್ದೆ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಮೊಬೈಲಿನಲ್ಲಿ ಮೂಲ ಚಿತ್ರವನ್ನು ತೆಗೆಸಿ, ಹಿಗ್ಗಿಸಿ ತೋರಿಸಿದರು. ಸಂಜೆಯ ಓರೆಬಿಸಿಲು ಜಗಲಿಯೊಳಗೆ ಬಂದು ತೋಳಿನ ಮೇಲೆ ಬಿದ್ದಿತ್ತು. ನೇರವಾದ ಜರಿಪಟ್ಟಿಗಳ ಆಚೀಚೆ ಬಟ್ಟೆಯ ಮೇಲೆ ಇನ್ನೊಂದು ಗುರುತು ಇತ್ತು. ಹಾವು ಹರಿದಂತೆ ಏಳುತ್ತ ಇಳಿಯುತ್ತ ಹೋಗುವ ಎರಡು ಗೆರೆ. ಆ ಗೆರೆಯುದ್ದಕ್ಕೂ ಸೂಜಿ ಚುಚ್ಚಿದ ಸಣ್ಣ ತೂತುಗಳು. ಗೆರೆಯ ಒಳಗಿನ ನೀಲಿ ಸುತ್ತಲಿನದಕ್ಕಿಂತ ಗಾಢ, ಏಕೆಂದರೆ ಅಲ್ಲಿ ವರ್ಷಗಟ್ಟಲೆ ಬಿಸಿಲು ತಾಗಿರಲಿಲ್ಲ. ಅಲೆಯಾಕಾರದ ಪಟ್ಟಿ ಎರಡನೇ ಮಹಾಯುದ್ಧದ ಕಾಲದ ಸ್ವಯಂಸೇವಕ ಮೀಸಲು ಪಡೆಯ ಅಧಿಕಾರಿಗಳದ್ದು. ನೇರ ಪಟ್ಟಿ ಖಾಯಂ ಸೇವೆಯವರದ್ದು. ಅಂದರೆ ಅಜ್ಜ ಯುದ್ಧದಲ್ಲಿ ಮೀಸಲು ಪಡೆಗೆ ಸೇರಿ, ಎರಡು ಪಟ್ಟಿಯ ಲೆಫ್ಟಿನೆಂಟ್ ಆಗಿ, ಆಮೇಲೆ ಖಾಯಂ ಆಗಿ, ಅದೇ ಕೋಟಿನ ಮೇಲೆ ಎರಡೂವರೆ ಪಟ್ಟಿ ಹೊಲಿಸಿಕೊಂಡಿದ್ದರು. ಹೊಸ ಕೋಟಿಗೆ ದುಡ್ಡು ಹಾಕದೆ ಇದ್ದುದನ್ನೇ ಬದಲಿಸಿಕೊಂಡವರು. 1950ರ ಜನವರಿ 26ರ ನಂತರ ಕಿರೀಟ ಹೋಗಿ ಸಿಂಹ ಬಂದಾಗಲೂ ಅದೇ ಕೋಟು. ಹಾಗಾದರೆ ಆ ಒಂದು ಕಿರೀಟದ ಗುಂಡಿ? ಒಂದು ಸಿಂಹ ಕಡಿಮೆ ಬಿದ್ದಿತ್ತೇ, ಬೇಕೆಂದೇ ಉಳಿಸಿಕೊಂಡರೇ, ಇಲ್ಲವೆ ಬಿದ್ದುಹೋದ ಗುಂಡಿಯ ಜಾಗಕ್ಕೆ ನಿವೃತ್ತಿಯ ಮೇಲೆ ಮನೆಯಲ್ಲಿ ಯಾರಾದರೂ ಹಳೆಯದನ್ನು ಹೊಲಿದರೇ? ದರ್ಜಿಯ ದಾರವೋ ಮನೆಯ ದಾರವೋ ಎಂದು ನೋಡಿದ್ದರೆ ಗೊತ್ತಾಗುತ್ತಿತ್ತು. ದಾರವನ್ನು ಕತ್ತರಿಸಿಸಿದವನು ನಾನೇ.

ಆ ರಾತ್ರಿ ಚೌಕಟ್ಟು ಒಡೆದು ಪದಕಗಳನ್ನು ಬಿಡಿಸಿದೆ. ನಾಲ್ಕನೆಯದು 1947–48ರ ಜಮ್ಮು-ಕಾಶ್ಮೀರ ಪಟ್ಟಿಯಿದ್ದ ಜನರಲ್ ಸರ್ವಿಸ್ ಪದಕ. ಅದರ ಅಂಚಿನಲ್ಲಿ ಕೊರೆದಿದ್ದ ಹೆಸರು ಅಜ್ಜನದಲ್ಲ, ಭೂಸೇನೆಯಲ್ಲಿದ್ದ ಅವರ ತಮ್ಮನದು. ಫಲಕದ ಮಖಮಲ್ಲನ್ನು ಬಿಸಿನೀರಿನ ಆವಿ ತಾಗಿಸಿ ಬಿಡಿಸಿದಾಗ ಅದರಡಿಯಲ್ಲಿ ಟೈಪು ಮಾಡಿದ ಚೀಟಿಯ ಅರ್ಧ ಉಳಿದಿತ್ತು. ಹಡಗಿನ ಅಧಿಕಾರಿಗಳು ಬೊಂಬಾಯಿಯ ದಡದ ಸಾಮಗ್ರಿ ಕೋಠಿಯ ಅಧಿಕಾರಿಗೆ ಕೊಟ್ಟ ಕಾಣಿಕೆ, 1958. ಇನ್ನರ್ಧ ನನ್ನ ಗೋಂದಿಗೆ ಹತ್ತಿ ಮಖಮಲ್ಲಿನ ಜೊತೆ ಬಂತು. ಆಮೇಲೆ ಗ್ರಂಥಾಲಯವೊಂದರಲ್ಲಿ ಭಾರತ ಗೆಜೆಟ್ಟಿನ ಹಳೆಯ ಸಂಪುಟಗಳನ್ನು ಕೂತು ತಿರುವಿದೆ. ನೌಕಾಧಿಕಾರಿಗಳ ನೇಮಕ, ಬಡ್ತಿ, ನಿವೃತ್ತಿ ಎಲ್ಲ ಅಲ್ಲಿ ಅಚ್ಚಾಗುತ್ತಿದ್ದವು. ಮೂರು ದಿನ ಬೇಕಾಯಿತು, ಸಿಕ್ಕಿತು. ಅಜ್ಜ 1959ರಲ್ಲೇ ನಿವೃತ್ತರಾಗಿದ್ದರು. ಅಂಜದೀವಿನ ಕಡೆ ಮೈಸೂರು ಹೊರಟಾಗ ಅವರು ಕುಮಟಾದ ಇದೇ ಅಂಗಳದಲ್ಲಿದ್ದರು.

ಚಿಕ್ಕಮ್ಮನಿಗೆ, ಅಂದರೆ ಅಜ್ಜನ ಮಗಳಿಗೆ, ಇದನ್ನೆಲ್ಲ ಹೇಳಲು ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಆಕೆ ಬೇಜಾರಿಲ್ಲದೆ ಅಂದಳು: “ಅಪ್ಪ ಲೆಕ್ಕದ ಮನುಷ್ಯ, ಫಿರಂಗಿ ಮುಟ್ಟಿದವ ಅಲ್ಲ ಅಂತ ನಾನು ಮೊದಲ ದಿನವೇ ಹೇಳಿದ್ನಲ್ಲ. ನೀ ಬರಕೊಳ್ಳಲೇ ಇಲ್ಲ.”

ಹೌದು, ಹೇಳಿದ್ದಳು. ಚಹಾ ಕೊಡುತ್ತ ಹೇಳಿದ್ದಳು. ಆಗ ನನ್ನ ಕೈಯಲ್ಲಿ ಪೆನ್ನೂ ಇತ್ತು, ಪುಸ್ತಕವೂ ಇತ್ತು. ಲೆಕ್ಕದ ಮನುಷ್ಯ ಎಂಬ ಮಾತು ನನ್ನ ಕತೆಯ ಅಜ್ಜನಿಗೆ ತಕ್ಕದ್ದಲ್ಲ ಅನ್ನಿಸಿ ಕಿವಿ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ನನ್ನನ್ನು ಇವತ್ತಿಗೂ ಸುಡುವುದು ಈ ವಿಷಯ. ಬಿಳಿ ಬಟ್ಟೆಯ ಅರ್ಥ ಗೊತ್ತಿರಲಿಲ್ಲ, ಅದಕ್ಕೆ ಅಜ್ಞಾನ ಅನ್ನಬಹುದು. ಚಿಕ್ಕಮ್ಮನ ಮಾತಿಗೆ ಹಾಗೆ ಅನ್ನಲಾರೆ. ಮೈಸೂರಿನಂಥ ಹಡಗಿನಲ್ಲಿ ನೂರಾರು ಮಂದಿ ಇರುತ್ತಾರೆ. ಅವರ ಅಕ್ಕಿ, ಬೇಳೆ, ಕಂಬಳಿ, ಸಂಬಳ ಯಾರೋ ಒಬ್ಬ ಎಣಿಸದಿದ್ದರೆ ಯಾವ ಫಿರಂಗಿಯೂ ಮಾತಾಡುವುದಿಲ್ಲ. ಆ ಕೆಲಸವನ್ನು ನಾನು ನಾಚಿಕೆಯ ಸಂಗತಿಯಂತೆ ಕಂಡು, ತೀರಿಹೋದ ಮನುಷ್ಯನಿಂದ ಅವನ ಬದುಕನ್ನು ಕಿತ್ತುಕೊಂಡಿದ್ದೆ.

ಪ್ರದರ್ಶನಕ್ಕೆ ನಾನು ಇಡದೇ ಬಿಟ್ಟ ಒಂದೇ ವಸ್ತು ಆ ಕಿಸೆಪುಸ್ತಕ. ತೆರೆದು ನೋಡಿ, ಬರೀ ದಿನಸಿ ಲೆಕ್ಕ ಎಂದು ಪಕ್ಕಕ್ಕಿಟ್ಟಿದ್ದೆ. ಅದೃಷ್ಟವೆಂದರೆ ಅದನ್ನು ಚೆಂದ ಮಾಡಲೂ ಹೋಗಿರಲಿಲ್ಲ. ಈಗ ಕೋಟು ಬಣ್ಣವಿಲ್ಲದ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ಮಲಗಿದೆ. ಜೊತೆಗೆ ಒಂದು ಹಾಳೆಯಲ್ಲಿ ನಾನು ಅದಕ್ಕೆ ಏನೇನು ಮಾಡಿದೆ ಎಂಬ ಪಟ್ಟಿ ನನ್ನ ಸಹಿಯೊಂದಿಗೆ ಇದೆ, ಕಿರೀಟದ ಗುಂಡಿ ಪುಟ್ಟ ಲಕೋಟೆಯಲ್ಲಿ ಇದೆ. ಕಿಸೆಪುಸ್ತಕ ಚಿಕ್ಕಮ್ಮನ ಹತ್ತಿರ. ತಿಂಗಳಿಗೊಮ್ಮೆ ಹೋಗಿ ಇಬ್ಬರೂ ಕೂತು ಓದುತ್ತೇವೆ, ಅವಳು ಭೂತಗನ್ನಡಿ ಹಿಡಿಯುತ್ತಾಳೆ, ನಾನು ಅಕ್ಷರ ಬಿಡಿಸುತ್ತೇನೆ.

ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ, ಟಿಪ್ಪಣಿ ಮಾತ್ರ ಕನ್ನಡದಲ್ಲಿ. ಕಳೆದ ಬಾರಿ 1946ಕ್ಕೆ ಬಂದೆವು. ಆ ಫೆಬ್ರವರಿ 18ರಂದು ಬೊಂಬಾಯಿಯ ಎಚ್‌ಎಂಐಎಸ್ ತಲ್ವಾರ್ ತರಬೇತಿ ಕೇಂದ್ರದ ನಾವಿಕರು ಊಟ ಬಿಟ್ಟು ಕೂತರು. ಕೆಟ್ಟ ಅನ್ನ, ಕೆಟ್ಟ ಬೇಳೆ, ಬಿಳಿಯ ಅಧಿಕಾರಿಗಳ ಬೈಗುಳ, ಎಲ್ಲ ಸೇರಿ ಹೊತ್ತಿಕೊಂಡ ಮುಷ್ಕರ ದಿನ ಕಳೆಯುವುದರಲ್ಲಿ ಹಡಗು ಹಡಗಿಗೆ ಹಬ್ಬಿ 23ರವರೆಗೂ ನಡೆಯಿತು. ಅಜ್ಜ ಆಗ ಬೊಂಬಾಯಿಯಲ್ಲೇ ಇನ್ನೊಂದು ಕೇಂದ್ರದ ಉಗ್ರಾಣದಲ್ಲಿದ್ದರು. ಅವರ ಪುಸ್ತಕದಲ್ಲಿ ಆ ವಾರದ ಪುಟಗಳು ಖಾಲಿ. ಜನವರಿಯ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಸಾಲು ಇತ್ತು. ಚಿಕ್ಕಮ್ಮ ಭೂತಗನ್ನಡಿಯನ್ನು ಹತ್ತಿರ ತಂದಳು, ನಾನು ಓದಿದೆ:

ಬೇಳೆಯಲ್ಲಿ ಕಲ್ಲು. ಮೇಲಿನವರಿಗೆ ಬರೆದಿದ್ದೇನೆ. ಉತ್ತರವಿಲ್ಲ.