ಹದಿನೈದು ವಾರದ ಲೆಕ್ಕ

ಪರದೇಶದ ಬ್ರೀಡರ್ ಹತ್ತಿರ ನಾಯಿಮರಿ ಕೊಳ್ಳಬೇಕೆಂದಿರುವವರು ದುಡ್ಡಿನ ಲೆಕ್ಕಕ್ಕೆ ಮುಂಚೆ ವಾರಗಳ ಲೆಕ್ಕ ಹಾಕಬೇಕು. ಈ ವ್ಯಾಪಾರ ಜೋರಾಗಿ ನಡೆಯುವ ಬ್ರಿಟನ್ನನ್ನೇ ನೋಡೋಣ. ಯುರೋಪಿನಿಂದ ಅಲ್ಲಿಗೆ ಬರುವ ಮರಿಗೆ ಮೈಕ್ರೋಚಿಪ್ ಇರಬೇಕು, ರೇಬೀಸ್ ಲಸಿಕೆ ಆಗಿರಬೇಕು. 12 ವಾರ ತುಂಬುವ ಮೊದಲು ಹಾಕಿಸಿದ ಲಸಿಕೆ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಹಾಕಿಸಿದ ಮೇಲೂ ಮೈಯಲ್ಲಿ ರಕ್ಷಣೆ ಬೆಳೆಯಲೆಂದು 21 ದಿನ ಕಾಯಬೇಕು. ಎರಡನ್ನೂ ಕೂಡಿಸಿದರೆ 15 ವಾರ. ಹಂಗೆರಿಯಲ್ಲೋ ರುಮೇನಿಯಾದಲ್ಲೋ ಹುಟ್ಟಿದ ಮರಿ ಇಂಗ್ಲೆಂಡಿನ ಮನೆಯೊಂದರ ಬಾಗಿಲಿಗೆ ಬರುವಾಗ ಅದಕ್ಕೆ ಸುಮಾರು ಮೂರೂವರೆ ತಿಂಗಳಾಗಿರಲೇಬೇಕು. ಕೊಳ್ಳುವವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮಾತ್ರ ಎಂಟು ವಾರದ ಮರಿ: ಮಡಿಲಲ್ಲಿ ಮುದುಡಿ ಮಲಗುವ, ಓಡಲು ಹೋಗಿ ಮುಗ್ಗರಿಸುವ ಎಳೆಯ ಜೀವ. ಈ ಎರಡು ವಯಸ್ಸುಗಳ ನಡುವೆ ಏಳು ವಾರಗಳಿವೆ. ಗಡಿ ದಾಟುವ ಮರಿ ವ್ಯಾಪಾರದ ಬಹುಪಾಲು ಕೇಡು ಆ ಏಳು ವಾರಗಳನ್ನು ನುಂಗಿಹಾಕುವ ಅವಸರದಿಂದಲೇ ಹುಟ್ಟುತ್ತದೆ ಎಂಬುದು ನನ್ನ ವಾದ.

ಮಾರುವವನು ಪ್ರಾಮಾಣಿಕನಾದರೆ ಆ ಏಳು ವಾರ ಮರಿಯನ್ನು ತಾನೇ ಸಾಕಬೇಕು. ಆಹಾರ, ಲಸಿಕೆ, ನೋಡಿಕೊಳ್ಳುವವರ ಸಂಬಳ, ಎಲ್ಲಕ್ಕಿಂತ ಹೆಚ್ಚಾಗಿ ದಿನವೂ ಅದರ ಜೊತೆ ಕಳೆಯುವ ಹೊತ್ತು, ಇಷ್ಟೂ ಅವನ ಪಾಲಿನ ಖರ್ಚು. ಅಷ್ಟರಲ್ಲಿ ಮರಿಯ ಕಾಲು ಉದ್ದವಾಗಿ, ಎಳಸುತನ ಕಳೆದು, ಕೊಳ್ಳುವವರ ಉತ್ಸಾಹ ತಗ್ಗಿರುತ್ತದೆ. ಅಪ್ರಾಮಾಣಿಕನಿಗೆ ಇದೊಂದೂ ಬೇಕಿಲ್ಲ, ಪಾಸ್‌ಪೋರ್ಟಿನಲ್ಲಿ ಹುಟ್ಟಿದ ತಾರೀಖನ್ನು ಹಿಂದಕ್ಕೆ ತಳ್ಳಿದರೆ ಸಾಕು. ಬ್ರಿಟನ್ನಿನ ಡಾಗ್ಸ್ ಟ್ರಸ್ಟ್ ಸಂಸ್ಥೆ 2014ರಿಂದೀಚೆಗೆ ಹೊರತಂದ ತನಿಖಾ ವರದಿಗಳು ಬಯಲಿಗೆಳೆದದ್ದು ಇದನ್ನೇ: ಮಧ್ಯ ಮತ್ತು ಪೂರ್ವ ಯುರೋಪಿನಿಂದ ವ್ಯಾನುಗಳಲ್ಲಿ ತುಂಬಿ ಬರುವ ಮರಿಗಳು, ಸುಳ್ಳು ವಯಸ್ಸು, ಸುಳ್ಳು ಲಸಿಕೆಯ ದಾಖಲೆ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಾ, ಲಸಿಕೆಯ ರಕ್ಷಣೆ ಇನ್ನೂ ಏರದೆ ಇರುವ ವಯಸ್ಸು ಅದು. ಆಗ ಹತ್ತಾರು ಮರಿಗಳನ್ನು ಒಂದೇ ಕಡೆ ತುರುಕಿ ಸಾಗಿಸಿದರೆ ಒಂದಕ್ಕೆ ಹತ್ತಿದ ಪಾರ್ವೊ ವೈರಸ್ ಸೋಂಕು ಎಲ್ಲಕ್ಕೂ ಹತ್ತುತ್ತದೆ. 2020ರ ಜೂನ್‌ನಲ್ಲಿ ಉಕ್ರೇನಿನಿಂದ ಬಂದು ಟೊರೊಂಟೊದಲ್ಲಿ ಇಳಿದ ವಿಮಾನದಲ್ಲಿ ಸುಮಾರು 500 ಫ್ರೆಂಚ್ ಬುಲ್‌ಡಾಗ್ ಮರಿಗಳಿದ್ದವು. ಅವುಗಳಲ್ಲಿ 38 ಸತ್ತಿದ್ದವು. ನಾಯಿ ತನ್ನ ಮೈಯ ಶಾಖವನ್ನು ಮುಖ್ಯವಾಗಿ ಏದುಸಿರಿನಿಂದಲೇ ಹೊರಹಾಕುತ್ತದೆ. ಚಪ್ಪಟೆ ಮೂತಿಯಿಂದಾಗಿ ಉಸಿರಿನ ದಾರಿಯೇ ಕಿರಿದಾಗಿರುವ ತಳಿಯನ್ನು ಬೇಸಿಗೆಯಲ್ಲಿ ಅಷ್ಟು ಸಂಖ್ಯೆಯಲ್ಲಿ ವಿಮಾನಕ್ಕೆ ತುಂಬುವುದು ಎಷ್ಟು ಅಪಾಯದ ಕೆಲಸವೆಂದು ಮರಿ ಸಾಕುವ ಯಾರಿಗಾದರೂ ಗೊತ್ತಿರಬೇಕು.

ದಾಖಲೆಯೆಲ್ಲ ಸರಿಯಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ 15 ವಾರ ಮರಿ ಎಲ್ಲಿ, ಯಾರ ಜೊತೆ, ಹೇಗೆ ಬೆಳೆಯಿತು? ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರದ ಒಂದು ತುದಿಯನ್ನು ಕೊಡುತ್ತದೆ. ಎತ್ತರದ ಬೇಲಿಯ ಬಯಲಿನಲ್ಲಿ, ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಳಗೆ ತಂದು ಮನುಷ್ಯರಿಗೆ ಪರಿಚಯಿಸಿದರು. ಏಳು ವಾರದೊಳಗೆ ಬಂದವು ಹೊಂದಿಕೊಂಡವು. 14 ವಾರದವರೆಗೂ ಮನುಷ್ಯರನ್ನು ಅರಿಯದೆ ಉಳಿದವು ಆಮೇಲೆ ಕಾಡುಪ್ರಾಣಿಗಳಂತೆ ಬೆದರಿಯೇ ಉಳಿದವು. ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಕಂಡು, ಕೇಳಿ, ಮೂಸಿ ಅರಿತದ್ದನ್ನು ನಾಯಿ ತನ್ನ ಲೋಕವೆಂದು ಒಪ್ಪಿಕೊಳ್ಳುತ್ತದೆ. ಅದರಾಚೆ ಎದುರಾದ ಹೊಸದಕ್ಕೆಲ್ಲ ಮೊದಲು ಹೆದರುತ್ತದೆ. ಕಾನೂನಿನ ಪ್ರಕಾರ ಗಡಿ ದಾಟುವ ಮರಿಗೆ ಈ ಅವಧಿ ಹುಟ್ಟಿದ ಜಾಗದಲ್ಲೇ ಮುಗಿದಿರುತ್ತದೆ. ಅಡುಗೆಮನೆಯ ಸದ್ದು, ಮಕ್ಕಳ ಗಲಾಟೆ, ಬೀದಿಯ ಗದ್ದಲದ ನಡುವೆ ಅದು ಬೆಳೆದಿದ್ದರೆ ಸರಿ. ಶೆಡ್ಡಿನ ಬೋನಿನಲ್ಲಿ ಬೆಳೆದಿದ್ದರೆ, ಆ ಅಂಜಿಕೆಯನ್ನು ಬಿಡಿಸುವ ಕೆಲಸ ಹೊಸ ಮನೆಯವರ ಮೇಲೆ ವರ್ಷಗಟ್ಟಲೆ ಬೀಳುತ್ತದೆ. ಹಣ ಕೊಟ್ಟು ನಾವು ಪಡೆಯುವುದು ಈ ವಾರಗಳನ್ನು, ಮತ್ತು ದೂರದಿಂದ ಕಾಣದೆ ಉಳಿಯುವುದೂ ಇವೇ.

ಕಾಣದೆ ಉಳಿಯುವ ಇನ್ನೊಬ್ಬಳು ತಾಯಿ. ಲೂಸಿ ಎಂಬ ಕವಲಿಯರ್ ಸ್ಪೇನಿಯಲ್ ನಾಯಿಯನ್ನು 2013ರಲ್ಲಿ ವೇಲ್ಸ್‌ನ ಮರಿ ಫಾರ್ಮೊಂದರಿಂದ ಬಿಡಿಸಿ ತಂದಾಗ, ಇಕ್ಕಟ್ಟಾದ ಬೋನಿನಲ್ಲೇ ಇದ್ದು ಅವಳ ಸೊಂಟದ ಕೀಲುಗಳು ಬೆಸೆದುಹೋಗಿದ್ದವು. ಅವಳ ಹೆಸರಿನಿಂದಲೇ ಕರೆಯಲಾಗುವ ಕಾನೂನು 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂತು. ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಕೊಳ್ಳುವವರು ಮರಿಯನ್ನು ಅದು ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆಯಲ್ಲೇ ನೋಡಬೇಕು. ಈ ಕಾನೂನಿನ ತಿರುಳು ಸರಳ. ಮರಿ ಹೇಗಿದ್ದರೂ ಮುದ್ದಾಗಿಯೇ ಕಾಣುತ್ತದೆ, ಸಾಕುವವರ ನಡತೆ ಗೊತ್ತಾಗುವುದು ತಾಯಿಯ ಮೈಮೇಲೆ. ಅವಳು ಬಡಕಲಾಗಿದ್ದಾಳೆಯೇ, ಕೈ ಚಾಚಿದರೆ ಹಿಂಜರಿಯುತ್ತಾಳೆಯೇ, ಎಷ್ಟು ಬಾರಿ ಮರಿ ಹಾಕಿ ಸೋತಿದ್ದಾಳೆ ಎಂಬುದು ಎದುರು ನಿಂತರೆ ತಿಳಿಯುತ್ತದೆ. ಪರದೇಶದ ತಾಯಿಯನ್ನು ಯಾರೂ ಹೀಗೆ ಎದುರು ನಿಂತು ನೋಡುವುದಿಲ್ಲ.

ಇಂದಿನ ಕಾಲದಲ್ಲಿ ಇದೆಲ್ಲವನ್ನೂ ವಿಡಿಯೊದಲ್ಲೇ ನೋಡಬಹುದಲ್ಲ, ವೈದ್ಯಕೀಯ ಪ್ರಮಾಣಪತ್ರಗಳೂ ಇರುತ್ತವಲ್ಲ ಎಂದು ಕೇಳುವವರಿದ್ದಾರೆ. ಪ್ರಮಾಣಪತ್ರಗಳಿಗೆ ಬೆಲೆಯಿದೆ, ಅದನ್ನು ಒಪ್ಪುತ್ತೇನೆ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ, ಕಣ್ಣಿನ ತಪಾಸಣೆ, ವಂಶವಾಹಿ ಪರೀಕ್ಷೆಗಳ ಫಲಿತಾಂಶ ಸಂಸ್ಥೆಗಳ ಬಹಿರಂಗ ದಾಖಲೆಗಳಲ್ಲಿ ಸಿಗುವುದಾದರೆ ಯಾವ ದೇಶದಲ್ಲಿ ಕೂತಾದರೂ ಪರಿಶೀಲಿಸಬಹುದು. ಆದರೆ ಅವು ಹೇಳುವುದು ರಕ್ತದ ಗುಣವನ್ನು, ಸಾಕಿದ ರೀತಿಯನ್ನಲ್ಲ. ವಿಡಿಯೊ ತೋರಿಸುವುದು ಮಾರುವವನು ತೋರಿಸಲು ಒಪ್ಪಿದ ಕೋಣೆಯನ್ನು ಮಾತ್ರ, ಅದರಲ್ಲಿ ಮಲಗಿರುವ ನಾಯಿಯೇ ತಾಯಿ ಎಂಬುದಕ್ಕೂ ಖಾತ್ರಿಯಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಂದು ದೇಶದೊಳಗೇ ಕೂಡಿಸುತ್ತಾ ಹೋದರೆ ತಳಿಯ ರಕ್ತ ಕಿರಿದಾಗುತ್ತದೆ, ಹೊರಗಿನ ನಾಯಿ ಬರಲೇಬೇಕು ಎನ್ನುತ್ತಾರೆ ಬ್ರೀಡರ್‌ಗಳು. ಇದು ನಿಜ. ಡಾಲ್ಮೇಷಿಯನ್ ತಳಿಯಲ್ಲಿ ಯೂರಿಕ್ ಆಮ್ಲವನ್ನು ಒಡೆಯುವ ಕ್ರಿಯೆ ಕುಂದಿ, ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ದೋಷ ತಳಿಗೆಲ್ಲ ಹರಡಿತ್ತು. ಅಮೆರಿಕದ ರಾಬರ್ಟ್ ಶೈಬಲ್ 1973ರಲ್ಲಿ ಪಾಯಿಂಟರ್ ನಾಯಿಯೊಂದಿಗೆ ಕೂಡಿಸಿ, ಮುಂದಿನ ತಲೆಮಾರುಗಳನ್ನು ಮತ್ತೆ ಡಾಲ್ಮೇಷಿಯನ್‌ಗಳ ಜೊತೆಗೇ ಕೂಡಿಸುತ್ತಾ ದೋಷವಿಲ್ಲದ ಸಾಲನ್ನು ಬೆಳೆಸಿದರು. ಆ ಸಾಲಿನ ಹೆಣ್ಣುನಾಯಿಯೊಂದು ಬ್ರಿಟನ್ನಿಗೆ ಹೋಗಿ 2011ರಲ್ಲಿ ಕ್ರಫ್ಟ್ಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಗಡಿ ದಾಟಿದ ಒಂದು ನಾಯಿಯಿಂದ ಇಡೀ ತಳಿಗೆ ಉಪಕಾರವಾಗುವುದೆಂದರೆ ಹೀಗೆ. ಆದರೆ ಅದರ ಹಿಂದೆ ಏನಿತ್ತೆಂದೂ ನೋಡಬೇಕು: ದಶಕಗಳ ದಾಖಲೆ, ಸ್ಪಷ್ಟವಾದ ಉದ್ದೇಶ, ಕಾಯುವ ತಾಳ್ಮೆ. ತಳಿಯ ಹಿತಕ್ಕೆ ತರಿಸುವವರಿಗೆ ಎಂಟು ವಾರದ ಮರಿಯೇ ಬೇಕೆಂಬ ಅವಸರ ಇರಬೇಕಾಗಿಲ್ಲ. ಬೆಳೆದು ತಪಾಸಣೆಯಲ್ಲಿ ಗೆದ್ದ ನಾಯಿಯೇ ಅವರಿಗೆ ಹೆಚ್ಚು ಉಪಯೋಗದ್ದು. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಒಡೆಯುವ ಬದಲು ಅದಕ್ಕೆ ಬಲ ಕೊಡುತ್ತದೆ.

ಮೂರನೆಯದು ಕರುಣೆಯಿಂದ ಬರುವ ಮಾತು. ಆ ಮರಿ ಹೇಗೂ ಹುಟ್ಟಿದೆ, ಕೊಂಡರೆ ಒಂದು ಜೀವವಾದರೂ ಉಳಿಯುತ್ತದಲ್ಲ ಎನ್ನುತ್ತಾರೆ. ಆ ಒಂದು ಮರಿಯ ಮಟ್ಟಿಗೆ ಇದು ಸತ್ಯವೇ ಇರಬಹುದು. ಆದರೆ ಕೊಟ್ಟ ಹಣ ಆ ಮರಿಯನ್ನು ಉಳಿಸಿ ಸುಮ್ಮನಾಗುವುದಿಲ್ಲ, ಅದೇ ತಾಯಿಯನ್ನು ಮುಂದಿನ ಬೆದೆಯಲ್ಲಿ ಮತ್ತೆ ಕೂಡಿಸುವ ನಿರ್ಧಾರಕ್ಕೆ ಬಂಡವಾಳವಾಗುತ್ತದೆ. ಕರುಣೆ ಮರಿಯ ಮುಖ ಕಂಡಷ್ಟಕ್ಕೇ ನಿಲ್ಲದೆ ತಾಯಿಯವರೆಗೂ ಹೋಗಬೇಕು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಉಳಿಸಿದ ಜೀವವೂ ಸುಖವಾಗಿರುವುದಿಲ್ಲ. ಬ್ರಿಟನ್ನಿನಲ್ಲಿ ಅಂಥ ಮರಿಯನ್ನು ನಾಲ್ಕು ತಿಂಗಳವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಕಲಿಯುವ ವಯಸ್ಸೆಲ್ಲ ಅಲ್ಲಿಯೇ ಕಳೆದುಹೋಗುತ್ತದೆ.

ಈ ಮಾತು ನಮಗೆ ದೂರದ್ದಲ್ಲ. ಭಾರತ ಸರ್ಕಾರ 2016ರಲ್ಲಿ ವ್ಯಾಪಾರಕ್ಕಾಗಿ ಮರಿ ಹಾಕಿಸಲು ನಾಯಿಗಳನ್ನು ಆಮದು ಮಾಡಿಕೊಳ್ಳುವುದಕ್ಕೆ ತಡೆ ಹಾಕಿತು. 2017ರ ಕೇಂದ್ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ದೇಶದೊಳಗೂ ಮಾರುವಂತಿಲ್ಲ. ಕೆನಡಾ 2022ರ ಸೆಪ್ಟೆಂಬರ್ 28ರಿಂದ ರೇಬೀಸ್ ಹೆಚ್ಚಿರುವ ದೇಶಗಳ ವ್ಯಾಪಾರದ ನಾಯಿಗಳಿಗೆ ಬಾಗಿಲು ಮುಚ್ಚಿದೆ, ಆ ಪಟ್ಟಿಯಲ್ಲಿ ಭಾರತವೂ ಇದೆ. ಅಮೆರಿಕ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ಯಾವ ನಾಯಿಯನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಮರಿ ಒಯ್ಯುವುದಾದರೂ ಇದೇ ನಿಯಮ.

ಈ ಆರು ತಿಂಗಳ ಗಡುವು ಎಲ್ಲ ದೇಶಗಳಿಗೂ ಬರಬೇಕೆಂದು ನಾನು ಬಯಸುತ್ತೇನೆ, ಅದಕ್ಕೆ ಕಾರಣ ನಾಯಿಯ ಬಾಯಲ್ಲೇ ಇದೆ. ಎಂಟು ವಾರದ ಮರಿಗೂ ಹನ್ನೆರಡು ವಾರದ ಮರಿಗೂ ಇರುವುದು ಹಾಲುಹಲ್ಲೇ. ಆದ್ದರಿಂದ ಕಾಗದದ ಸುಳ್ಳನ್ನು ಗಡಿಯಲ್ಲಿ ಹಿಡಿಯುವುದು ಕಷ್ಟ. ಆರು ತಿಂಗಳ ಹೊತ್ತಿಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಬಂದಿರುತ್ತವೆ, ಬಾಯಿ ತೆರೆದು ನೋಡಿದ ವೈದ್ಯರಿಗೆ ಎಂಟು ವಾರದ ಮರಿಯನ್ನು ಆರು ತಿಂಗಳದ್ದೆಂದು ನಂಬಿಸಲಾಗದು. ಕಾನೂನು ಬರುವವರೆಗೆ ಕೊಳ್ಳುವವರೇ ಈ ಗಡುವನ್ನು ಪಾಲಿಸಬಹುದು. ಹೊರದೇಶದ್ದೇ ಬೇಕೆಂದರೆ ಬೆಳೆದ ನಾಯಿಯನ್ನು ತರಿಸಿ. ಎಳೆಯದೇ ಬೇಕೆಂದರೆ ಹೋಗಿ ತಾಯಿಯನ್ನು ನೋಡಿಬರುವಷ್ಟು ಹತ್ತಿರದಲ್ಲಿ ಹುಡುಕಿ. ಎರಡಕ್ಕೂ ಒಪ್ಪದ ಮನಸ್ಸು ನಾಯಿ ಸಾಕಲು ಇನ್ನೂ ಸಿದ್ಧವಾಗಿಲ್ಲ, ಏಕೆಂದರೆ ಅದರ ಜೊತೆ ಕಳೆಯಬೇಕಾದ ಹತ್ತು ಹದಿಮೂರು ವರ್ಷಗಳು ಕೇಳುವುದೂ ಇದೇ ತಾಳ್ಮೆಯನ್ನು.