ಅಜ್ಜನ ಮದ್ದು ಸೋತದ್ದೆಲ್ಲಿ?

ನೀವು ಅಡಿಕೆ ತೋಟ ನೋಡಿದ್ದೀರಲ್ಲವೇ? ಪಯಸ್ವಿನಿ ಹೊಳೆಯ ದಡದಲ್ಲಿ ನಮ್ಮದೂ ಒಂದು ತೋಟವಿತ್ತು. ಮಳೆಗಾಲ ಬಂತೆಂದರೆ ಅಜ್ಜ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುತ್ತಿದ್ದರು. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ, ಲೆಕ್ಕ ತಪ್ಪುತ್ತಿರಲಿಲ್ಲ. ಗೊನೆಗಳಿಗೆ ಮದ್ದು ಬಿಟ್ಟರೆ ಕೊಳೆರೋಗದ ಭಯವಿಲ್ಲ.

ಒಂದು ವರ್ಷ ಕಂಗುಗಳ ಸೋಗೆ ತುದಿಯಿಂದ ಹಳದಿಯಾಗತೊಡಗಿತು. ಅಡಿಕೆಯ ತಿರುಳು ಕಪ್ಪಾಯಿತು. ಅಜ್ಜ ಮತ್ತೆ ಮತ್ತೆ ಮದ್ದು ಬಿಟ್ಟರು. ಫಲ ಕಾಣಲಿಲ್ಲ. "ಮದ್ದಿನ ಹದ ತಪ್ಪಿಸಿದ್ದು ನಾನೇ ಮಗಾ" ಎಂದು ನೊಂದುಕೊಂಡರು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಉತ್ತರ ಸಿಕ್ಕಿದ್ದು ಮುಂದೆ ಜೀವಕೋಶದ ಪಾಠ ಕಲಿತಾಗ. ಕೊಳೆರೋಗ ತರುವ ಫೈಟಾಫ್ತೊರ ಯುಕ್ಯಾರಿಯೋಟ್ ಜೀವಿ. ಅದರ ಕೋಶ ಕೋಣೆಗಳಿರುವ ಮನೆಯಂತೆ. ಡಿ.ಎನ್.ಎ. ಪೊರೆಯೊಳಗಿನ ಕೋಶಕೇಂದ್ರದಲ್ಲಿದೆ, ಶಕ್ತಿ ಒದಗಿಸಲು ಮೈಟೋಕಾಂಡ್ರಿಯ ಇದೆ. ಕಂಗಿನ ಕೋಶವೂ, ನಿಮ್ಮ ಕೋಶವೂ ಇದೇ ಬಗೆಯವು.

ಹಳದಿ ರೋಗಕ್ಕೆ ಕಾರಣವಾದ ಫೈಟೋಪ್ಲಾಸ್ಮ ಪ್ರೋಕ್ಯಾರಿಯೋಟ್; ಬ್ಯಾಕ್ಟೀರಿಯಗಳ ಬಳಗ. ಅದು ಒಂದೇ ಕೋಣೆಯ ಗುಡಿಸಲು. ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯವಿಲ್ಲ. ಡಿ.ಎನ್.ಎ.ಯೂ ರೈಬೋಸೋಮ್‌ಗಳೂ ಕೋಶದ್ರವದಲ್ಲೇ ಇವೆ. ಹೆಚ್ಚಿನ ಬ್ಯಾಕ್ಟೀರಿಯಗಳಿಗಿರುವ ಕೋಶಭಿತ್ತಿಯೂ ಇದಕ್ಕಿಲ್ಲ, ತೆಳುವಾದ ಪೊರೆಯಷ್ಟೇ. ಗಾತ್ರ ಮಿಲ್ಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ! ಆದುದರಿಂದಲೇ 1967ರಲ್ಲಿ ಜಪಾನಿನ ವಿಜ್ಞಾನಿಗಳು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಪ್ಪುನೇರಳೆಯಂತಹ ಗಿಡಗಳಲ್ಲಿ ಇಂತಹ ಜೀವಿಗಳನ್ನು ಕಾಣುವವರೆಗೆ ಇವುಗಳ ಗುರುತು ಯಾರಿಗೂ ಇರಲಿಲ್ಲ.

ಫೈಟಾಫ್ತೊರದ ಬೀಜಕಗಳು ಕಾಯಿಯ ಮೇಲೆ ಬಂದು ಮೊಳೆಯುತ್ತವೆ. ಅಲ್ಲಿ ಅಂಟಿಕೊಂಡಿರುವ ತಾಮ್ರದ ಮದ್ದು ಅವನ್ನು ತಡೆಯುತ್ತದೆ. ಫೈಟೋಪ್ಲಾಸ್ಮವಾದರೋ ರಸ ಹೀರುವ ಸಣ್ಣ ಕೀಟದ ಮೂಲಕ ನೇರವಾಗಿ ಮರದ ಒಳಗೆ, ಆಹಾರ ಸಾಗಿಸುವ ಫ್ಲೋಯಂ ಕೊಳವೆಗೆ ಸೇರುತ್ತದೆ. ಅಲ್ಲಿಗೆ ಹೊರಗಿನ ಮದ್ದು ತಲುಪುವುದೇ ಇಲ್ಲ. ಸರಳ ಕೋಶದ ಜೀವಿ, ಸಂಕೀರ್ಣ ಕೋಶದೊಳಗೆ ಅಡಗಿ ಅದರ ಅನ್ನವನ್ನೇ ಉಣ್ಣುತ್ತದೆ.

ನಮ್ಮ ಜಿಲ್ಲೆಯಲ್ಲೇ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಿ.ಪಿ.ಸಿ.ಆರ್.ಐ. ಈ ರೋಗವನ್ನು ಬಹುಕಾಲದಿಂದ ಅಭ್ಯಸಿಸುತ್ತಿದೆ. ರೋಗವನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ರೋಗ ತಾಳಿಕೊಳ್ಳುವ ಕಂಗುಗಳನ್ನು ಆರಿಸಿ ಬೆಳೆಸುವುದೇ ಮುಂದಿನ ಭರವಸೆ.

ಅಜ್ಜನ ಹದ ತಪ್ಪಿರಲಿಲ್ಲ. ಶತ್ರು ಬೇರೆಯಾಗಿತ್ತು, ಅಷ್ಟೇ. ಇದನ್ನು ಹೇಳಲು ಹೊರಟಾಗ ಅಜ್ಜ ಇರಲಿಲ್ಲ. ನಿಮ್ಮ ಮನೆಯಲ್ಲಿ ಹೀಗೆ ತನ್ನನ್ನೇ ಹಳಿದುಕೊಳ್ಳುವ ಹಿರಿಯರಿದ್ದರೆ, ಇಂದೇ ಹೋಗಿ ಹೇಳಿ.