ಬಯಲು ಮಾಡಲು ಹೋಗಿ

ಬೆಳಗಾದರೆ 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿಯ ಉಪಸಂಪಾದಕ. ಏಜೆನ್ಸಿ ಕಳಿಸಿದ ಇಂಗ್ಲಿಷ್ ಸುದ್ದಿಯಲ್ಲಿ, ಗ್ರಹಣಕಾಲದಲ್ಲಿ ಅನ್ನ ವಿಷವಾಗುತ್ತದೆಂಬ ನಂಬಿಕೆಯನ್ನು ವಿಜ್ಞಾನಿಗಳು ‘ಡಿಬಂಕ್’ ಮಾಡಿದ್ದಾರೆ ಎಂದಿತ್ತು. ಡಿಬಂಕ್ ಅಂದರೆ ಬಯಲು ಮಾಡುವುದು ತಾನೇ! ಪುಟ ಬಿಡಲು ಹತ್ತೇ ನಿಮಿಷ. ಡಿಕ್ಷನರಿ ಪಕ್ಕದ ಮೇಜಿನ ಮೇಲೇ ಇತ್ತು, ಏಳಲಿಲ್ಲ. ಶೀರ್ಷಿಕೆ ಕೊಟ್ಟೆ: ‘ಗ್ರಹಣದಲ್ಲಿ ಅನ್ನ ವಿಷ: ಗುಟ್ಟು ಬಯಲು ಮಾಡಿದ ವಿಜ್ಞಾನಿಗಳು’.

ಬೆಳಿಗ್ಗೆ ಎದ್ದು ಬಂದರೆ ಅಮ್ಮ ಉಪ್ಪಿನಕಾಯಿ ಭರಣಿಗೂ ಮೊಸರಿನ ಪಾತ್ರೆಗೂ ದರ್ಭೆ ಹಾಕಿ, ರಾತ್ರಿ ಉಳಿದ ಅನ್ನವನ್ನು ಹಿತ್ತಿಲಿಗೆ ಚೆಲ್ಲಿ ಬರುತ್ತಿದ್ದಳು. “ಇಷ್ಟು ವರ್ಷ ನನ್ನ ಹತ್ತಿರ ವಾದ ಮಾಡ್ತಿದ್ದೆಯಲ್ಲೋ, ನೋಡು, ನಿಮ್ಮ ಪೇಪರಿನಲ್ಲೇ ಬಂದಿದೆ. ವಿಜ್ಞಾನಿಗಳೇ ಒಪ್ಪಿಕೊಂಡರಂತೆ!”

ಆಫೀಸಿನಲ್ಲಿ ಸಿಕ್ಕ ಮಂಗಳಾರತಿ ಬೇರೆ ಮಾತು. ನನ್ನನ್ನು ಕಾಡಿದ್ದು ಆ ‘ಬಯಲು’. ಗುಟ್ಟು ಬಯಲಾದರೆ ಹೊರಬೀಳುವುದು ಅಡಗಿದ್ದ ನಿಜ. ಬಂಡವಾಳ ಬಯಲಾದರೆ ಹೊರಬೀಳುವುದು ಪೊಳ್ಳು. ಡಿಬಂಕ್ ಈ ಎರಡನೆಯ ಜಾತಿಯದು. ಎದುರಿಗೆ ಸುಳ್ಳೊಂದು ಇದ್ದರೇ ಆ ಕ್ರಿಯಾಪದಕ್ಕೆ ಕೆಲಸ. ಬರೀ ‘ಅಲ್ಲಗಳೆದರು’ ಎಂದರೂ ಸಾಲದು. ಅಲ್ಲಗಳೆಯಲು ಬಾಯಿದ್ದರೆ ಸಾಕು, ಡಿಬಂಕ್ ಮಾಡಲು ಪುರಾವೆ ಬೇಕು. ‘ಸುಳ್ಳೆಂದು ತೋರಿಸಿಕೊಟ್ಟರು’ ಎಂದು ಬರೆದಿದ್ದರೆ ಮುಗಿಯುತ್ತಿತ್ತು.

ಆಮೇಲೆ ‘ಡಿಬಂಕ್’ ಪದದ ಮೂಲ ಹುಡುಕಿ ಓದಿದೆ. 1820ರಲ್ಲಿ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಿಸೌರಿಯನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಪ್ರಶ್ನೆಯ ಚರ್ಚೆ ಮುಗಿದು ಎಲ್ಲರೂ ಮತಕ್ಕೆ ಹಾಕಿ ಎನ್ನುತ್ತಿದ್ದಾಗ, ಉತ್ತರ ಕ್ಯಾರೊಲಿನಾದ ಫೆಲಿಕ್ಸ್ ವಾಕರ್ ಭಾಷಣಕ್ಕೆ ಎದ್ದು ನಿಂತನಂತೆ. ತನ್ನ ಕ್ಷೇತ್ರದ ಬಂಕಂಬ್ ಕೌಂಟಿಯವರಿಗಾಗಿ ಮಾತಾಡಲೇಬೇಕು ಎಂದು ಪಟ್ಟು. (ನಮ್ಮ ವಿಧಾನಸಭೆಯಲ್ಲೂ ಕಂಡಿರುವ ದೃಶ್ಯವೇ.) ಹಾಗೆ ಊರ ಹೆಸರು ಪೊಳ್ಳುಮಾತಿಗೆ ಅಂಟಿ, ಸವೆದು ‘ಬಂಕ್’ ಆಯಿತು. 1923ರಲ್ಲಿ ಡಬ್ಲ್ಯು. ಇ. ವುಡ್‌ವರ್ಡ್ ‘ಬಂಕ್’ ಎಂಬ ಕಾದಂಬರಿಯಲ್ಲಿ ಅದಕ್ಕೊಂದು ‘ಡಿ’ ಜೋಡಿಸಿದ. ಪೊಳ್ಳನ್ನು ತೆಗೆದುಹಾಕುವುದು, ಅಷ್ಟೇ. ನಾನು ಮಾಡಿದ್ದು ತುಂಬುವ ಕೆಲಸ.

ಮಾರನೆಯ ದಿನ ಏಳನೇ ಪುಟದ ಮೂಲೆಯಲ್ಲಿ ಮೂರು ಸಾಲಿನ ತಿದ್ದುಪಡಿ ಹಾಕಿದೆವು. ಅಮ್ಮನಿಗೆ ತೋರಿಸಿದೆ. ಕನ್ನಡಕ ಮೂಗಿಗೇರಿಸಿ ಓದಿ, “ನಿನ್ನೆ ಅಷ್ಟು ದಪ್ಪಕ್ಷರದಲ್ಲಿ ಹೇಳಿ ಇವತ್ತು ಇಷ್ಟು ಸಣ್ಣಗೆ ಹೇಳಿದರೆ ಯಾರು ನಂಬ್ತಾರೋ?” ಎಂದಳು.

2020ರ ಜೂನ್ 21ಕ್ಕೆ ಮತ್ತೆ ಗ್ರಹಣ. ಅಮ್ಮ ಪಂಚಾಂಗದ ನಡುವೆ ಮಡಚಿಟ್ಟಿದ್ದ ಕಾಗದವೊಂದನ್ನು ಬಿಡಿಸಿ, ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆಯಾಕೆಗೆ ತೋರಿಸುತ್ತಿದ್ದಳು. ನನ್ನದೇ ಶೀರ್ಷಿಕೆ.